ನಿಮಗಿದು ಗೊತ್ತೇ? ಬಡಿತ ಹದಕ್ಕೆ ಬಂದರೆ ‘ಪಂಪಿಂಗ್’ ಕೂಡ ಏರೀತು!

ಕೋಲಾರದ ಕಡೆ ಯಾರಾದರೂ ಹೃದಯದ ಸ್ಕ್ಯಾನ್ ‘ಎಕೋ’ ಮಾಡಿಸಿಕೊಂಡು ಬಂದರೆ ನೆಂಟರಿಷ್ಟರು ಕೇಳುವ ಮೊದಲ ಪ್ರಶ್ನೆ ಒಂದೇ: ‘ಪಂಪಿಂಗ್ ಎಷ್ಟಿದೆಯಂತೆ?’ ಮೂವತ್ತು ಅಂದರೆ ಮುಗಿಯಿತು, ಮಾಲೂರಿನ ಮನೆಯಾಗಲಿ ಮುಳಬಾಗಿಲಿನ ಮನೆಯಾಗಲಿ, ಎಲ್ಲರ ಮುಖ ಬಾಡುತ್ತದೆ. ಆದರೆ ಆ ಮೂವತ್ತು ಕೆಲವರಲ್ಲಿ ಐವತ್ತು ದಾಟಿದ್ದೂ ಉಂಟು. ಅಂಥವರಲ್ಲಿ ಕೆಟ್ಟಿದ್ದು ಹೃದಯದ ಸ್ನಾಯುವಲ್ಲ, ಅದರ ಬಡಿತದ ಲಯ. ಈ ವಾರ ಅದರದ್ದೇ ಮಾತು.

● ಪಂಪಿಂಗ್ 60 ಎಂದರೆ ನೂರಕ್ಕೆ ಅರವತ್ತು ಅಂಕ ಅಲ್ಲ. ಹೃದಯದ ಎಡ ಕೆಳಕೋಣೆಯಲ್ಲಿ ತುಂಬಿಕೊಂಡ ರಕ್ತದಲ್ಲಿ ಒಂದು ಬಡಿತಕ್ಕೆ ಶೇ 60ರಷ್ಟು ಹೊರಗೆ ಹೋಗುತ್ತಿದೆ ಎಂದರ್ಥ. ಗಟ್ಟಿಮುಟ್ಟಾದ ಹೃದಯದಲ್ಲೂ ಇದು ಸುಮಾರು 55ರಿಂದ 70ರ ನಡುವೆಯೇ ಇರುತ್ತದೆ. ನೂರು ಯಾರಿಗೂ ಬರುವುದಿಲ್ಲ.

● ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಪ್ರತಿ ಬಡಿತಕ್ಕೂ ಚಾಲನೆ ಸಿಗುವುದು ಬಲ ಮೇಲ್ಕೋಣೆಯ ಗೋಡೆಯಲ್ಲಿರುವ ಸಣ್ಣದೊಂದು ಗಂಟಿನಿಂದ. ಅದನ್ನು ಇಂಗ್ಲೆಂಡಿನಲ್ಲಿ ಪತ್ತೆ ಮಾಡಿದವರು ಆರ್ಥರ್ ಕೀತ್ ಮತ್ತು ಅವರ ವಿದ್ಯಾರ್ಥಿ ಮಾರ್ಟಿನ್ ಫ್ಲ್ಯಾಕ್. 1907ರಲ್ಲಿ ಪ್ರಕಟಿಸಿದರು. ಫ್ಲ್ಯಾಕ್ ಅದನ್ನು ಮೊದಲು ಕಂಡದ್ದು ನೆಲ ತೋಡುವ ಮೋಲ್ ಎಂಬ ಪುಟ್ಟ ಪ್ರಾಣಿಯ ಹೃದಯದಲ್ಲಿ.

● ತಾಳ ತಪ್ಪುವುದರಲ್ಲಿ ಹಲವು ಬಗೆ. ಹೆಚ್ಚು ಕಾಣುವುದು ಏಟ್ರಿಯಲ್ ಫಿಬ್ರಿಲೇಶನ್; ಡಾಕ್ಟರುಗಳ ಬಾಯಲ್ಲಿ ಬರೀ ‘ಎ.ಎಫ್.’ ಇದರಲ್ಲಿ ಮೇಲ್ಕೋಣೆಗಳು ನಿಮಿಷಕ್ಕೆ 350ರಿಂದ 600ರ ವೇಗದಲ್ಲಿ ಬರೀ ಅದುರುತ್ತವೆ. ಸಂಕೋಚನ ಎಂಬುದೇ ಇರುವುದಿಲ್ಲ.

● ಅದುರಿದರೆ ನಷ್ಟವೇನು? ಮೇಲ್ಕೋಣೆ ಕೊನೆಯಲ್ಲಿ ಒಮ್ಮೆ ಒತ್ತಿ ಕೊಡುವುದರಿಂದ ಕೆಳಕೋಣೆಗೆ ಶೇ 20ರಿಂದ 30ರಷ್ಟು ರಕ್ತ ಹೆಚ್ಚಾಗಿ ಸಿಗುತ್ತದೆ. ಎ.ಎಫ್.ನಲ್ಲಿ ಅದು ಖೋತಾ. ಇಪ್ಪತ್ತೈದರ ಹುಡುಗನಿಗೆ ಇದು ಅಷ್ಟಾಗಿ ಗೊತ್ತಾಗದಿರಬಹುದು. ಬಿ.ಪಿ.ಯಿಂದ ಹೃದಯ ಬಿಗಿದುಕೊಂಡ ಎಪ್ಪತ್ತರ ಅಜ್ಜನಿಗೆ ಹತ್ತು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು.

● ಬೇಗ ಬೇಗ ಬಡಿದರೆ ಹೆಚ್ಚು ರಕ್ತ ಹೋಗಬೇಕಲ್ಲವೇ? ಒಂದು ಮಿತಿಯವರೆಗೆ ಹೌದು. ಆಮೇಲೆ ಉಲ್ಟಾ, ಕೆಳಕೋಣೆ ತುಂಬಲು ಹೊತ್ತೇ ಸಾಲದು. ಸಂಪಿಗೆ ನೀರು ಬಂದು ಸೇರುವ ಮೊದಲೇ ಮೋಟರು ಹಾಕಿದರೆ ಏನಾಗುತ್ತದೆಂದು ಕೋಲಾರದವರಿಗೆ ಹೇಳಿಕೊಡಬೇಕಿಲ್ಲ.

● ಇನ್ನೊಂದು ಪೆಟ್ಟೂ ಇದೆ. ಮೈಯ ಉಳಿದ ಅಂಗಗಳಿಗೆ ರಕ್ತ ಸಿಗುವುದು ಹೃದಯ ಹಿಂಡಿದಾಗ. ಆದರೆ ಎಡ ಕೆಳಕೋಣೆಯ ಸ್ವಂತ ಸ್ನಾಯುವಿಗೆ ರಕ್ತ ಹೆಚ್ಚಾಗಿ ಹರಿಯುವುದು ಅದು ಸಡಿಲಗೊಂಡ ಹೊತ್ತಿನಲ್ಲಿ. ಬಡಿತ ಏರಿದಷ್ಟೂ ಕಡಿತವಾಗುವುದು ಈ ವಿರಾಮವೇ. ದುಡಿಮೆ ಹೆಚ್ಚು, ಕೂಲಿ ಕಡಿಮೆ.

● ಎದೆಯ ಲೆಕ್ಕ ಬೇರೆ, ಕೈಯ ಲೆಕ್ಕ ಬೇರೆ! ಹಳೆಯ ಕಾಲದ ದಾದಿಯರು ಇದನ್ನು ಇಬ್ಬರಾಗಿ ನೋಡುತ್ತಿದ್ದರು. ಒಬ್ಬರು ಸ್ಟೆತಾಸ್ಕೋಪನ್ನು ಎದೆಯ ಎಡಭಾಗಕ್ಕಿಟ್ಟು ಎಣಿಸುವುದು, ಇನ್ನೊಬ್ಬರು ಅದೇ ನಿಮಿಷ ಮಣಿಕಟ್ಟಿನ ನಾಡಿ ಹಿಡಿದು ಎಣಿಸುವುದು, ಗಡಿಯಾರ ಮಾತ್ರ ಒಂದೇ. ಸರಿಯಾದ ಹೃದಯದಲ್ಲಿ ಎರಡೂ ಸಂಖ್ಯೆ ಒಂದೇ ಬರುತ್ತದೆ. ಎ.ಎಫ್. ಜೋರಾಗಿದ್ದರೆ ಎದೆಯಲ್ಲಿ 130 ಇದ್ದು ಕೈಯಲ್ಲಿ ನೂರರ ಆಸುಪಾಸು ಸಿಗಬಹುದು. ನಡುವಿನ ಮೂವತ್ತು ಎಲ್ಲಿ ಹೋದವು? ಎಲ್ಲೂ ಹೋಗಿಲ್ಲ. ಹೃದಯ ಬಡಿದಿದೆ, ಆದರೆ ಒಳಗೆ ರಕ್ತ ತುಂಬಿರಲಿಲ್ಲ; ಹಾಗಾಗಿ ಅಲೆ ಮಣಿಕಟ್ಟಿನವರೆಗೆ ಬರಲೇ ಇಲ್ಲ. ಪೂರ್ತಿ ವ್ಯರ್ಥವಾದ ಬಡಿತಗಳು ಅವು. ಚಿಕಿತ್ಸೆ ಹಿಡಿಯುತ್ತಿದ್ದಂತೆ ಈ ಅಂತರ ಕಡಿಮೆಯಾಗುವುದನ್ನು ಹಾಸಿಗೆಯ ಪಕ್ಕದಲ್ಲೇ ನಿಂತು ನೋಡಬಹುದು. ಯಂತ್ರ ಬೇಡ, ಬಿಲ್ಲಿಲ್ಲ.

● ಕೈಗೆ ಕಟ್ಟುವ ಡಿಜಿಟಲ್ ಬಿ.ಪಿ. ಮಿಷನ್ನು ಎ.ಎಫ್. ಇದ್ದವರಲ್ಲಿ ಒಮ್ಮೊಮ್ಮೆ ಒಂದೊಂದು ತೋರಿಸುತ್ತದೆ. ಮಿಷನ್ ಕೆಟ್ಟಿದೆ ಎಂದು ಅಂಗಡಿಗೆ ವಾಪಸ್ ಒಯ್ಯುವ ಮುಂಚೆ ನಾಡಿ ಹಿಡಿದು ನೋಡಿ.

● ಮೊದಲು ಕೆಟ್ಟಿದ್ದು ಪಂಪೋ, ತಾಳವೋ? ವೈದ್ಯರನ್ನು ನೂರು ವರ್ಷ ಕಾಡಿದ ಪ್ರಶ್ನೆ ಇದು. ಎ.ಎಫ್. ಬಂದವನ ಹೃದಯ ಹಿಗ್ಗಿ ಸೋತುಹೋದದ್ದನ್ನು 1913ರಷ್ಟು ಹಿಂದೆಯೇ ಇಂಗ್ಲೆಂಡಿನ ಗಾಸೇಜ್ ಮತ್ತು ಬ್ರಾಕ್ಸ್‌ಟನ್ ಹಿಕ್ಸ್ ಬರೆದಿಟ್ಟಿದ್ದರು. 1949ರಲ್ಲಿ ಅಮೆರಿಕದ ಫಿಲಿಪ್ಸ್ ಮತ್ತು ಲೆವಿನ್, ಹೃದಯದ ಬೇರೆ ಯಾವ ಕಾಯಿಲೆಯೂ ಇಲ್ಲದವರಲ್ಲಿ ಎ.ಎಫ್. ಒಂದೇ ಹೃದಯವನ್ನು ಸೋಲಿಸಬಲ್ಲದು, ಅದನ್ನು ಸರಿಮಾಡಿದರೆ ಹೃದಯ ಮತ್ತೆ ಎದ್ದು ನಿಲ್ಲುತ್ತದೆ ಎಂದು ತೋರಿಸಿದರು. 1962ರಲ್ಲಿ ವಿಪಲ್ ಮತ್ತು ಸಂಗಡಿಗರು ಪ್ರಯೋಗಾಲಯದಲ್ಲಿ ಪ್ರಾಣಿಗಳ ಹೃದಯವನ್ನು ವಾರಗಟ್ಟಲೆ ವೇಗವಾಗಿ ಓಡಿಸಿ, ಅದು ದುರ್ಬಲವಾಗುವುದನ್ನು ಕಂಡರು. ಹಾಗೆ ಸೋತ ಹೃದಯ ವೇಗ ಇಳಿಸಿದರೆ ಚೇತರಿಸಿಕೊಳ್ಳುತ್ತದೆ ಎಂಬುದು ಇಂದು ಪಠ್ಯಪುಸ್ತಕದ ಮಾತು.

● ಚೇತರಿಕೆಗೆ ಎಷ್ಟು ದಿನ? ಸಾಮಾನ್ಯವಾಗಿ ವಾರಗಳಿಂದ ಕೆಲವು ತಿಂಗಳು. ಮಾತ್ರೆ ಶುರುವಾಗಿ ಹತ್ತು ದಿನಕ್ಕೇ ಇನ್ನೊಂದು ಎಕೋ ಮಾಡಿಸಿ ‘ಏನೂ ಏರಿಲ್ಲ’ ಎಂದು ಕೊರಗುವುದು ದಂಡ.

● ಎ.ಎಫ್. ಇದ್ದವರ ಎಕೋದಲ್ಲಿ ಒಂದೊಂದು ಬಡಿತಕ್ಕೆ ಒಂದೊಂದು ಪಂಪಿಂಗ್ ಸಿಗುತ್ತದೆ! ಅದಕ್ಕೇ ಕನಿಷ್ಠ ಐದು ಬಡಿತ ಅಳೆದು ಸರಾಸರಿ ತೆಗೆಯಬೇಕೆಂಬ ನಿಯಮ. ನಾಡಿ 140 ಓಡುತ್ತಿರುವಾಗ ಸಿಕ್ಕ 30ಕ್ಕೂ, ನಾಡಿ 80ಕ್ಕೆ ಇಳಿದ ಮೇಲೆ ಸಿಕ್ಕ 30ಕ್ಕೂ ಅಜಗಜಾಂತರ. ನನ್ನನ್ನು ಕೇಳಿದರೆ, ಎಕೋ ವರದಿಯಲ್ಲಿ ಪಂಪಿಂಗ್ ಪಕ್ಕದಲ್ಲೇ ಆ ಹೊತ್ತಿನ ನಾಡಿಯ ದರವನ್ನೂ ಅಷ್ಟೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಬೇಕು.

● ಎ.ಎಫ್. ಕಿಡಿ ಬಹುಪಾಲು ಹೊತ್ತಿಕೊಳ್ಳುವುದು ಹೃದಯದ ಹೊರಗಿನ ನಾಳಗಳಲ್ಲಿ. ಶ್ವಾಸಕೋಶದಿಂದ ರಕ್ತ ತರುವ ರಕ್ತನಾಳಗಳ ಬಾಯಿಯಲ್ಲಿ ಈ ಕಿಡಿ ಇದೆ ಎಂದು ಫ್ರಾನ್ಸಿನ ಬೋರ್ಡೋ ನಗರದ ಮಿಶೆಲ್ ಹೈಸಗೇರ್ ತಂಡ 1998ರಲ್ಲಿ ತೋರಿಸಿತು. ತೊಡೆಯ ರಕ್ತನಾಳದಿಂದ ತಂತಿ ತೂರಿಸಿ ಆ ಜಾಗವನ್ನು ಸುಟ್ಟು ಬೇರ್ಪಡಿಸುವುದೇ ‘ಅಬ್ಲೇಶನ್’. ಇದೇ ತಂಡದ 2004ರ ವರದಿಯಂತೆ, ಪಂಪಿಂಗ್ ಕುಸಿದ 58 ಮಂದಿಗೆ ಅಬ್ಲೇಶನ್ ಮಾಡಿದಾಗ ಅವರ ಪಂಪಿಂಗ್ ಸರಾಸರಿ 21 ಅಂಶ ಮೇಲೇರಿತು.

● ವೇಗ ಇಳಿಸಿದರೆ ಸಾಕೋ, ತಾಳವನ್ನೇ ಸರಿಪಡಿಸಬೇಕೋ? 2002ರಲ್ಲಿ 4,060 ಮಂದಿಯ ಮೇಲೆ ನಡೆದ ‘ಅಫರ್ಮ್’ ಅಧ್ಯಯನ, ಎರಡಕ್ಕೂ ಆಯಸ್ಸಿನಲ್ಲಿ ವ್ಯತ್ಯಾಸವಿಲ್ಲ ಎಂದಿತು. 2008ರಲ್ಲಿ, ಹೃದಯ ಸೋತ 1,376 ಮಂದಿಯಲ್ಲೂ ಅದೇ ಉತ್ತರ. ಅಲ್ಲಿಗೆ ಹಲವು ವೈದ್ಯರು ಈ ಚರ್ಚೆಯನ್ನೇ ಕೈಬಿಟ್ಟರು. ಆದರೆ ಆ ಅಧ್ಯಯನಗಳಲ್ಲಿ ತಾಳ ಸರಿಪಡಿಸಲು ಬಳಸಿದ್ದು ಮುಖ್ಯವಾಗಿ ಮಾತ್ರೆ. ಮಾತ್ರೆಯಿಂದ ಆದ ಲಾಭವನ್ನು ಅದರ ಅಡ್ಡಪರಿಣಾಮವೇ ನುಂಗಿ ಹಾಕಿರಬಹುದು ಎಂಬ ಗುಮಾನಿ ಉಳಿದೇ ಇತ್ತು.

2017ರಲ್ಲಿ ಆಸ್ಟ್ರೇಲಿಯಾದ ‘ಕ್ಯಾಮೆರಾ–ಎಂ.ಆರ್.ಐ.’ ಅಧ್ಯಯನ ಬಂತು. ಕಾರಣ ತಿಳಿಯದೆ ಪಂಪಿಂಗ್ ಕುಸಿದ, ಎ.ಎಫ್. ಬಿಡದೆ ಇದ್ದ 68 ಮಂದಿಯನ್ನು ಎರಡು ಪಾಲು ಮಾಡಿದರು. ಅರ್ಧ ಮಂದಿಗೆ ಅಬ್ಲೇಶನ್, ಉಳಿದವರಿಗೆ ಬರೀ ವೇಗ ಇಳಿಸುವ ಮಾತ್ರೆ. ಆರು ತಿಂಗಳ ನಂತರ ನೋಡಿದರೆ ಮೊದಲ ಗುಂಪಿನ ಪಂಪಿಂಗ್ 18 ಅಂಶ ಏರಿತ್ತು, ಎರಡನೆಯದು ನಾಲ್ಕೂವರೆಯೂ ಇಲ್ಲ. ಪಂಪಿಂಗ್ ಪೂರ್ತಿ ಮಾಮೂಲಿಗೆ ಬಂದವರು ಮೊದಲ ಗುಂಪಿನಲ್ಲಿ ಶೇ 58, ಇನ್ನೊಂದರಲ್ಲಿ ಶೇ 9. ಗಮನಿಸಬೇಕಾದ್ದು ಇಲ್ಲಿದೆ: ಇವರೆಲ್ಲರ ನಾಡಿಯ ವೇಗ ಮೊದಲೇ ಹತೋಟಿಯಲ್ಲಿತ್ತು. ಅಂದರೆ ವೇಗ ಒಂದೇ ಅಲ್ಲ, ಬಡಿತ ಅಡ್ಡಾದಿಡ್ಡಿ ಬೀಳುವುದೂ ಹೃದಯವನ್ನು ಸವೆಸುತ್ತದೆ. ಸ್ಕ್ಯಾನಿನಲ್ಲಿ ಗಾಯದ ಕಲೆ ಇಲ್ಲದ ಹೃದಯಗಳೇ ಹೆಚ್ಚು ಚೇತರಿಸಿಕೊಂಡವು.

ಮರುವರ್ಷ, 2018ರಲ್ಲಿ ‘ಕ್ಯಾಸಲ್–ಎ.ಎಫ್.’ ಅಧ್ಯಯನ ಬಂತು. ಅದರಲ್ಲಿದ್ದವರು ಪಂಪಿಂಗ್ 35 ಅಥವಾ ಅದಕ್ಕಿಂತ ಕಡಿಮೆ ಇದ್ದ 363 ಮಂದಿ. ಸಾವು ಅಥವಾ ಹೃದಯ ಸೋತು ಆಸ್ಪತ್ರೆ ಸೇರುವುದು ಅಬ್ಲೇಶನ್ ಆದವರಲ್ಲಿ ಶೇ 28.5, ಔಷಧ ಮಾತ್ರ ಪಡೆದವರಲ್ಲಿ ಶೇ 44.6. ಇವರೆಲ್ಲ ಆರಿಸಿ ತೆಗೆದ ರೋಗಿಗಳು ಎಂಬುದನ್ನು ಮಾತ್ರ ಮರೆಯಬಾರದು. ಎ.ಎಫ್. ಇದ್ದವರೆಲ್ಲ ನಾಳೆಯೇ ಅಬ್ಲೇಶನ್‌ಗೆ ಕ್ಯೂ ನಿಲ್ಲಬೇಕಿಲ್ಲ.

● ಅಬ್ಲೇಶನ್ ಆದ ಮೊದಲ ಎರಡು ಮೂರು ತಿಂಗಳು ಎದೆ ಡವಗುಟ್ಟಿದರೆ ಚಿಕಿತ್ಸೆ ಸೋತಿತೆಂದು ಲೆಕ್ಕವಿಲ್ಲ. ಸುಟ್ಟ ಜಾಗ ಮಾಯಬೇಕಲ್ಲ!

● ತಾಳ ಸರಿಮಾಡುವ ಮದ್ದೇ ಜೀವ ತೆಗೆದದ್ದೂ ಉಂಟು. ಹೃದಯಾಘಾತ ಆದವರಲ್ಲಿ ಬರುವ ಹೆಚ್ಚುವರಿ ಬಡಿತಗಳನ್ನು ಅಡಗಿಸಿದರೆ ಸಾವು ತಪ್ಪುತ್ತದೆ ಎಂದು ಎಲ್ಲರೂ ನಂಬಿದ್ದ ಕಾಲ. ಅಮೆರಿಕದ ‘ಕ್ಯಾಸ್ಟ್’ ಅಧ್ಯಯನದಲ್ಲಿ ಫ್ಲೆಕೈನೈಡ್, ಎನ್‌ಕೈನೈಡ್ ಎಂಬ ಮಾತ್ರೆ ಕೊಟ್ಟರು. ಇಸಿಜಿ ಚೊಕ್ಕವಾಯಿತು. ಆದರೆ ಮಾತ್ರೆ ನುಂಗಿದ 755 ಮಂದಿಯಲ್ಲಿ 63 ಸಾವು, ಹುಸಿಮಾತ್ರೆ ನುಂಗಿದ 743 ಮಂದಿಯಲ್ಲಿ 26. 1989ರಲ್ಲಿ ಆ ಎರಡು ಮಾತ್ರೆಗಳನ್ನು ಅಧ್ಯಯನದಿಂದ ಕೈಬಿಡಬೇಕಾಯಿತು. ಇಂದಿಗೂ ಸೋತ ಹೃದಯಕ್ಕೆ ಫ್ಲೆಕೈನೈಡ್ ಕೊಡುವುದಿಲ್ಲ. ವೆರಪಾಮಿಲ್, ಡಿಲ್ಟಿಯಾಜೆಮ್ ಕೂಡ ಹಾಗೆಯೇ: ನಾಡಿ ಇಳಿಸುತ್ತವೆ, ಜೊತೆಗೆ ಕುಗ್ಗಿದ ಪಂಪಿಂಗನ್ನೂ ಇನ್ನಷ್ಟು ಕುಗ್ಗಿಸುತ್ತವೆ. ‘ನನಗೂ ಎದೆ ಡವಡವ, ನಿನ್ನ ಮಾತ್ರೆ ಎರಡು ಕೊಡು’ ಎಂದು ಅಕ್ಕಪಕ್ಕದವರಲ್ಲಿ ಕೇಳಿ ನುಂಗುವವರು ಇದನ್ನು ಎರಡು ಸಲ ಓದಬೇಕು.

● ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್‌ಗಳ ಕಥೆ ಇದಕ್ಕೆ ತದ್ವಿರುದ್ಧ. ಹೃದಯದ ಹಿಂಡುವ ಬಲವನ್ನು ಅವು ತಗ್ಗಿಸುತ್ತವೆ, ಆದ್ದರಿಂದ ಸೋತ ಹೃದಯಕ್ಕೆ ಕೊಡಲೇಬಾರದು ಎಂಬ ಕಟ್ಟಪ್ಪಣೆ ಇತ್ತು. 1975ರಲ್ಲಿ ಸ್ವೀಡನ್ನಿನ ಫಿನ್ ವಾಗ್‌ಸ್ಟೈನ್ ಮತ್ತು ಸಂಗಡಿಗರು ಧೈರ್ಯ ಮಾಡಿ ಕೊಟ್ಟರು, ರೋಗಿಗಳು ಸುಧಾರಿಸಿದರು. ನಂಬಲು ಜಗತ್ತಿಗೆ ಇನ್ನೂ ಇಪ್ಪತ್ತು ವರ್ಷ ಬೇಕಾಯಿತು. ಇಂದು ಅದು ಮೊದಲ ಸಾಲಿನ ಔಷಧ.

● ಕಣಗಿಲೆ ಗಿಡದಲ್ಲೂ ಹೃದಯದ ಮೇಲೆ ನೇರ ಕೆಲಸ ಮಾಡುವ ರಾಸಾಯನಿಕ ಇದೆ. ಎ.ಎಫ್.ಗೆ ಕೊಡುವ ಡಿಜಾಕ್ಸಿನ್ ಮಾತ್ರೆಯ ವಂಶವೇ ಅದು. ಡಿಜಾಕ್ಸಿನ್ ಬಂದದ್ದು ಫಾಕ್ಸ್‌ಗ್ಲವ್ ಎಂಬ ಯುರೋಪಿನ ಗಿಡದಿಂದ. ಅದರ ಕುಟುಂಬವನ್ನು ವೈದ್ಯಕೀಯಕ್ಕೆ ಪರಿಚಯಿಸಿದ ವಿಲಿಯಂ ವಿದರಿಂಗ್ ಪುಸ್ತಕ ಬಂದದ್ದು 1785ರಲ್ಲಿ. ಮೈ ಬಾತವರಿಗೆ ಅವನು ಆ ಎಲೆ ಕೊಟ್ಟು ನೀರಿಳಿಸುತ್ತಿದ್ದ. ಮದ್ದಿಗೂ ವಿಷಕ್ಕೂ ನಡುವಿನ ಅಂತರ ಇದರಲ್ಲಿ ಬಹಳ ಕಿರಿದು. ಬೇಲಿಯ ಕಣಗಿಲೆಯನ್ನು ಮನೆಮದ್ದು ಮಾಡಲು ಹೋಗಬೇಡಿ. ಮಕ್ಕಳು ಅಪ್ಪಿತಪ್ಪಿ ಬಾಯಿಗಿಟ್ಟರೆ ತಕ್ಷಣ ಆಸ್ಪತ್ರೆ.

● ಅಮಿಯೋಡರೋನ್ ಮದ್ದಿನ ತೂಕದಲ್ಲಿ ಶೇ 37 ಅಯೋಡಿನ್! 200 ಮಿಲಿಗ್ರಾಂನ ಒಂದು ಮಾತ್ರೆಯಲ್ಲಿ ಸುಮಾರು 75 ಮಿಲಿಗ್ರಾಂ. ದಿನಕ್ಕೆ ನಮಗೆ ಬೇಕಾದ್ದು 0.15 ಮಿಲಿಗ್ರಾಂ. ಪಂಪಿಂಗ್ ಕುಸಿದವರಿಗೂ ಕೊಡಬಹುದಾದ ಕೆಲವೇ ತಾಳದ ಮಾತ್ರೆಗಳಲ್ಲಿ ಇದೊಂದು, ಆದರೆ ಥೈರಾಯ್ಡ್ ಪರೀಕ್ಷೆ ತಪ್ಪಿಸುವಂತಿಲ್ಲ. ಇದನ್ನು ನುಂಗುವವರಿಗೆ ಬಿಸಿಲೂ ಆಗದು, ಚರ್ಮ ಬೇಗ ಸುಡುತ್ತದೆ. ಟೊಮೆಟೊ ತೋಟದಲ್ಲಿ ನಡುಮಧ್ಯಾಹ್ನ ದುಡಿಯುವವರು ತುಂಬುತೋಳು, ತಲೆಗೆ ಟವೆಲ್ಲು ಮರೆಯಬಾರದು.

● ಕರೆಂಟ್ ಕೊಟ್ಟು ತಾಳ ಸರಿಮಾಡಿದ ಕ್ಷಣದಲ್ಲೇ ಪಂಪಿಂಗ್ ಸರಿಯಾಗುವುದಿಲ್ಲ. ಇಸಿಜಿ ಮಾಮೂಲಿಗೆ ಬಂದರೂ ಮೇಲ್ಕೋಣೆ ಹಲವು ದಿನ, ಕೆಲವೊಮ್ಮೆ ವಾರಗಳು ಮಂಕು ಬಡಿದಂತೆ ಸುಮ್ಮನಿರುತ್ತದೆ. ನಿಂತ ರಕ್ತ ಹೆಪ್ಪುಗಟ್ಟುವ ಅಪಾಯ ಆಗಲೇ ಹೆಚ್ಚು. ಅದಕ್ಕೇ ‘ಎಲ್ಲಾ ಸರಿಹೋಯಿತಲ್ಲ’ ಎನಿಸಿದರೂ ರಕ್ತ ತೆಳು ಮಾಡುವ ಮಾತ್ರೆ ಕನಿಷ್ಠ ನಾಲ್ಕು ವಾರ ಮುಂದುವರಿಯಲೇಬೇಕು.

● ಪಾಶ್ಚಾತ್ಯರಲ್ಲಿ ಎ.ಎಫ್. ಮುದುಕರ ಕಾಯಿಲೆ. ನಮ್ಮಲ್ಲಿ ಹಾಗಲ್ಲ. ಭಾರತದ 24 ಆಸ್ಪತ್ರೆಗಳ 1,537 ಎ.ಎಫ್. ರೋಗಿಗಳನ್ನು ದಾಖಲಿಸಿದಾಗ ಸರಾಸರಿ ವಯಸ್ಸು 55ರ ಆಸುಪಾಸು, ಹತ್ತಿರಹತ್ತಿರ ಅರ್ಧ ಮಂದಿಗೆ ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟಿತ್ತು. ಮೈಟ್ರಲ್ ಕವಾಟ ಕಿರಿದಾದವರಲ್ಲಿ ಪಂಪಿಂಗ್ 60 ಎಂದೇ ಬರಬಹುದು, ಆದರೂ ಉಸಿರು ಕಟ್ಟುತ್ತದೆ! ಹಿಂಡುವ ಬಲ ಇದೆ, ಹಿಂಡಲು ರಕ್ತ ಬಂದು ಸೇರುತ್ತಿಲ್ಲ. ಇಲ್ಲಿ ನಾಡಿ ಇಳಿಸುವುದು ಮತ್ತು ಬಲೂನಿನಿಂದ ಕವಾಟ ಹಿಗ್ಗಿಸುವುದು ದಾರಿ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಇಂಥ ಬಲೂನ್ ಚಿಕಿತ್ಸೆಗೆ ಹೆಸರುವಾಸಿ.

● ಈ ಕವಾಟದ ರೋಗಿಗಳಿಗೆ ರಕ್ತ ತೆಳು ಮಾಡಲು ಹೊಸ ದುಬಾರಿ ಮಾತ್ರೆಗಿಂತ ಹಳೆಯ ವಾರ್ಫರಿನ್ ವರ್ಗದ ಮಾತ್ರೆಯೇ ವಾಸಿ. 24 ದೇಶಗಳಲ್ಲಿ ನಡೆದ ‘ಇನ್ವಿಕ್ಟಸ್’ ಅಧ್ಯಯನ 2022ರಲ್ಲಿ ಹೀಗೆಂದಿತು. ಅದರ ಮುಂದಾಳುಗಳಲ್ಲಿ ಒಬ್ಬರು ಆಗ ದೆಹಲಿಯ ಏಮ್ಸ್‌ನಲ್ಲಿದ್ದ ಡಾ. ಗಣೇಶನ್ ಕಾರ್ತಿಕೇಯನ್.

● ವಾರ್ಫರಿನ್ ನುಂಗುವವರು ಸೊಪ್ಪು ಬಿಡಬೇಕೇ? ಬೇಡ. ಸೊಪ್ಪಿನ ವಿಟಮಿನ್ ‘ಕೆ’ ಆ ಮಾತ್ರೆಯ ಎದುರಾಳಿ ನಿಜ. ಆದರೆ ತೊಂದರೆ ಬರುವುದು ಏರುಪೇರಿನಿಂದ: ಒಂದು ವಾರ ದಿನಾ ಬಸ್ಸಾರು, ಮಸ್ಸೊಪ್ಪು, ಮುಂದಿನ ವಾರ ಸೊಪ್ಪಿನ ಸುಳಿವೇ ಇಲ್ಲ. ಮುದ್ದೆಯ ಜೊತೆ ಎಂದಿನ ಅಳತೆಯ ಸೊಪ್ಪು ಎಂದಿನಂತೆ ಇರಲಿ, ರಕ್ತಪರೀಕ್ಷೆ ತಪ್ಪದಿರಲಿ. ಶ್ರೀನಿವಾಸಪುರದ ಮಾವು ತಿನ್ನಿ, ಉಪ್ಪಿನಕಾಯಿ ಮಾತ್ರ ದೂರ. ಸೋತ ಹೃದಯಕ್ಕೆ ಉಪ್ಪು ಸೇರಿದರೆ ಮೈಯಲ್ಲಿ ನೀರು ನಿಲ್ಲುತ್ತದೆ.

● ಆಗೊಮ್ಮೆ ಈಗೊಮ್ಮೆ ‘ಧಸಕ್’ ಎನ್ನುವ ಬಿಡಿ ಬಡಿತ ಬಹುತೇಕ ಎಲ್ಲರಲ್ಲೂ ಇರುತ್ತದೆ, ಭಯ ಬೇಡ. ದಿನದ ಬಡಿತಗಳಲ್ಲಿ ಶೇ 10–15ಕ್ಕಿಂತ ಹೆಚ್ಚು ಕೆಳಕೋಣೆಯಿಂದಲೇ ಹುಟ್ಟುವ ಇಂಥ ಬಡಿತಗಳಾದರೆ ಮಾತ್ರ ಪಂಪಿಂಗ್ ಇಳಿಯಬಹುದು. ಲೆಕ್ಕ ಸಿಗುವುದು 24 ಗಂಟೆ ಎದೆಗೆ ಅಂಟಿಸುವ ಹೋಲ್ಟರ್ ಯಂತ್ರದಲ್ಲಿ. ಆ ಬಡಿತಗಳನ್ನು ಅಡಗಿಸಿದರೆ ಪಂಪಿಂಗ್ ಸಾಮಾನ್ಯವಾಗಿ ಮರಳುತ್ತದೆ.

● ಮೊದಲ ಬಾರಿ ಮೈಯೊಳಗೆ ಪೇಸ್‌ಮೇಕರ್ ಹಾಕಿಸಿಕೊಂಡವರು ಸ್ವೀಡನ್ನಿನ ಆರ್ನೆ ಲಾರ್ಸನ್, 1958ರ ಅಕ್ಟೋಬರ್ 8ರಂದು. ಆ ಯಂತ್ರ ಕೆಲವೇ ಗಂಟೆ ಕೆಲಸ ಮಾಡಿತು. ಲಾರ್ಸನ್ ಒಟ್ಟು 26 ಪೇಸ್‌ಮೇಕರ್ ಬದಲಿಸಿ, ಅದನ್ನು ತಯಾರಿಸಿದ ಎಂಜಿನಿಯರ್ ಎಲ್ಮ್‌ಕ್ವಿಸ್ಟ್ ಮತ್ತು ಅಳವಡಿಸಿದ ಸರ್ಜನ್ ಸೆನ್ನಿಂಗ್ ಇಬ್ಬರಿಗಿಂತ ಹೆಚ್ಚು ಕಾಲ ಬದುಕಿ, 2001ರಲ್ಲಿ 86ನೇ ವಯಸ್ಸಿನಲ್ಲಿ ತೀರಿಕೊಂಡರು.

● ಜೀವ ಉಳಿಸುವ ಅದೇ ಪೇಸ್‌ಮೇಕರ್ ಕೆಲವರಲ್ಲಿ ವರ್ಷಗಳು ಕಳೆದಂತೆ ಪಂಪಿಂಗ್ ಇಳಿಸುತ್ತದೆ. ತಂತಿ ಬಲಗಡೆ ಇರುವುದರಿಂದ ಬಲಭಾಗ ಮೊದಲು, ಎಡಭಾಗ ತಡವಾಗಿ ಕುಗ್ಗುತ್ತದೆ. ಎರಡೂ ಒಂದಾಗಿ ಹಿಂಡುವುದಿಲ್ಲ. ಪರಿಹಾರವಾಗಿ ಎರಡೂ ಕಡೆಗೆ ತಂತಿ ಹಾಕುವ ಯಂತ್ರ ಬಂತು. ಈಗ ಹೃದಯದ ಸ್ವಂತ ವಿದ್ಯುತ್ ದಾರಿಗೇ ತಂತಿ ಚುಚ್ಚುವ ವಿಧಾನ ಬಂದಿದೆ. ಎಡಭಾಗದ ವಿದ್ಯುತ್ ದಾರಿಗೆ ಹೀಗೆ ಚುಚ್ಚಿದ್ದನ್ನು 2017ರಲ್ಲಿ ವರದಿ ಮಾಡಿದವರು ಚೀನಾದ ವೆಂಝೌ ನಗರದ ಹುವಾಂಗ್ ವೈಜಿಯಾನ್. ಹಳೆಯ ಪೇಸ್‌ಮೇಕರ್ ಇದ್ದು ಹೊಸದಾಗಿ ಉಬ್ಬಸ ಬಂದರೆ ಬ್ಯಾಟರಿ ಜೊತೆಗೆ ಎಕೋವನ್ನೂ ನೋಡಿಸಿ.

● ಎ.ಎಫ್. ಇದ್ದವರಲ್ಲಿ ಮರೆವಿನ ಕಾಯಿಲೆಯೂ ಹೆಚ್ಚು ಕಾಣುತ್ತದೆ. ವಯಸ್ಸಾದಂತೆ ಮಿದುಳಿಗೆ ಏನಾಗುತ್ತದೆ ಎಂದು ತಿಳಿಯಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಆರಿಸಿಕೊಂಡಿರುವುದು ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳನ್ನೇ! 2018ರಲ್ಲಿ ಶುರುವಾದ ಈ ‘ಸ್ಯಾನ್ಸ್‌ಕಾಗ್’ ಅಧ್ಯಯನದ ಗುರಿ 45 ದಾಟಿದ 10,000 ಮಂದಿಯನ್ನು ಹಲವು ವರ್ಷ ಗಮನಿಸುವುದು. ನಗರದವರ ಲೆಕ್ಕದಲ್ಲೇ ನಡೆಯುವ ವೈದ್ಯವಿಜ್ಞಾನಕ್ಕೆ ರಾಗಿ ಬೆಳೆಯುವವರ ಲೆಕ್ಕವೂ ಸೇರುತ್ತಿರುವುದು ಸಣ್ಣ ಸಂಗತಿಯಲ್ಲ.

● ಕೋಲಾರದಲ್ಲೇ ಏನೇನಿದೆ? ಊರೊಳಗೆ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆ, ಟಮಕದಲ್ಲಿ 1986ರಲ್ಲಿ ಆರಂಭವಾದ ದೇವರಾಜ ಅರಸು ಮೆಡಿಕಲ್ ಕಾಲೇಜಿನ ಆರ್.ಎಲ್. ಜಾಲಪ್ಪ ಆಸ್ಪತ್ರೆ. ನಾಡಿ, ಇಸಿಜಿ, ಮಾತ್ರೆಯ ಹೊಂದಾಣಿಕೆಗೆ ಬೆಂಗಳೂರು ಹತ್ತಬೇಕಿಲ್ಲ, ಅಬ್ಲೇಶನ್ನಿಗೆ ಹತ್ತಬೇಕು. ಮಾಲೂರಿನವರಿಗೆ ನೇರ ರೈಲಿದೆ. ಮುಳಬಾಗಿಲಿನವರಿಗೆ ಬಸ್ಸೇ ಗತಿ. ಹೃದಯಾಘಾತವನ್ನು ತಾಲ್ಲೂಕು ಮಟ್ಟದಲ್ಲೇ ಹಿಡಿಯಲೆಂದು 2023ರಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂತು. ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರು ನೋಡುವ ವ್ಯವಸ್ಥೆ ಅದು. ಎ.ಎಫ್. ಕಾಣುವುದೂ ಅದೇ ಇಸಿಜಿ ಪಟ್ಟಿಯಲ್ಲೇ.

● ಎದೆ ಡವಡವ ಎನ್ನುವಾಗ ತೆಗೆದ ಒಂದು ಇಸಿಜಿ, ಆರಾಮವಾಗಿದ್ದಾಗ ತೆಗೆದ ಹತ್ತಕ್ಕಿಂತ ಮೇಲು. ಆ ಕಾಗದ ಬಿಸಾಡಬೇಡಿ. ಶಾಖಕ್ಕೆ ಅಕ್ಷರ ಅಳಿಸಿಹೋಗುತ್ತದೆ, ಅವತ್ತೇ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಎದೆಬಡಿತದ ಜೊತೆ ಕಣ್ಣು ಕತ್ತಲಿಟ್ಟರೆ, ಎದೆನೋವು ಬಂದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

● ಕೊನೆಯದು, ಪಂಪಿಂಗ್ ಏರಿದವರಿಗೆ. ಹಿಗ್ಗಿ ಸೋತಿದ್ದ ಹೃದಯ ಔಷಧದಿಂದ ಪೂರ್ತಿ ಚೇತರಿಸಿಕೊಂಡವರಲ್ಲಿ ಮಾತ್ರೆ ನಿಲ್ಲಿಸಿದರೆ ಏನಾಗುತ್ತದೆಂದು ಲಂಡನ್ನಿನ ವೈದ್ಯರು ‘ಟ್ರೆಡ್–ಎಚ್.ಎಫ್.’ ಅಧ್ಯಯನದಲ್ಲಿ ನೋಡಿದರು. ಮಾತ್ರೆ ನಿಲ್ಲಿಸಿದ 25 ಮಂದಿಯಲ್ಲಿ 11 ಮಂದಿಗೆ ಆರು ತಿಂಗಳೊಳಗೆ ಕಾಯಿಲೆ ಮರಳಿತು. ಹಾಗಾಗಿ ಎಕೋದಲ್ಲಿ 55 ಬಂತೆಂದು ಮಾತ್ರೆಯ ಚೀಟಿ ಹರಿಯಬೇಡಿ. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಎಂದು ನಿಮ್ಮ ಡಾಕ್ಟರನ್ನೇ ಕೇಳಿ.